ಅಕ್ಕನ ಬಿಲ್ಲೆ

ಆಗಸ್ಟ್ 24, ಭಾನುವಾರ. ಕೊಳ್ಳೇಗಾಲ

ಬೆಳಿಗ್ಗೆ ಕಾಮಗೆರೆಯಿಂದ ಇನ್ನಾಸಪ್ಪ ಮೇಷ್ಟ್ರು ಬಂದಿದ್ದರು. ನಿವೃತ್ತರಾದ ಮೇಲೆ ಖಾಲಿ ಗೋಡೆ ಕಂಡರೆ ಅವರಿಗೆ ಸಮಾಧಾನವಿಲ್ಲ. ಅವರ ಚರ್ಚಿನ ಸಭಾಭವನದ ಒಂದು ಗೋಡೆಯ ತುಂಬ ಆದಾಮನಿಂದ ಯೇಸುವಿನವರೆಗಿನ ವಂಶವೃಕ್ಷವನ್ನು ಬರೆಸುತ್ತಿದ್ದಾರೆ. ಚಿತ್ರ ಬರೆಯುವವನು ಸಿಕ್ಕಿದ್ದಾನೆ. ನೋಹನ ಮೂವರು ಮಕ್ಕಳಿಂದ ಯಾವ ಯಾವ ಜನಾಂಗ ಹುಟ್ಟಿತು, ಎಲ್ಲೆಲ್ಲಿ ನೆಲೆಸಿತು ಎಂದು ಮರದ ಪಕ್ಕದಲ್ಲಿ ಬರೆಯಲು ಒಂದು ಟಿಪ್ಪಣಿ ಬೇಕು. ಕಾಲೇಜಿನಲ್ಲಿ ಇತಿಹಾಸ ಹೇಳುವವನಿಗೆ ಇಂಥ ಬಿಟ್ಟಿ ಕೆಲಸಗಳು ಬರುತ್ತಲೇ ಇರುತ್ತವೆ.

“ನೀವು ನಂಬೋರಲ್ಲ, ಅದಕ್ಕೇ ನಿಮ್ಮ ಹತ್ರ ಬಂದೆ ಸಾರ್. ನಂಬೋರಾದ್ರೆ ಸೇರ್ಸಿ ಬರೀತಾರೆ,” ಎಂದರು.

ಒಪ್ಪಿಕೊಂಡೆ. ವಂಶಾವಳಿ ಹಿಂದೆ ನಡೆದದ್ದನ್ನು ಹೇಳುವುದಿಲ್ಲ, ಬರೆಸಿದವನಿಗೆ ಇವತ್ತು ಏನು ಬೇಕಾಗಿದೆ ಎಂಬುದನ್ನು ಹೇಳುತ್ತದೆ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಆದಿಕಾಂಡದ ಹತ್ತನೆಯ ಅಧ್ಯಾಯ ತೆಗೆದರೆ ಅದು ಕಣ್ಣಿಗೆ ಹೊಡೆಯುತ್ತದೆ. ಆಗದವರನ್ನೆಲ್ಲ ನೋಹನ ಶಾಪಗ್ರಸ್ತ ಕವಲಾದ ಹಾಮನ ಕೊಂಬೆಗೆ ನೇತುಹಾಕಿದ್ದಾರೆ. ಕಾನಾನರ ಭಾಷೆ ಇದನ್ನು ಬರೆದ ಇಬ್ರಿಯರ ಭಾಷೆಗೆ ಒಡಹುಟ್ಟಿದ್ದು. ಆದರೂ ಮರದಲ್ಲಿ ಅವರು ಬೇರೆಯೇ ಕೊಂಬೆ. ಹತ್ತಿರದವರನ್ನು ದೂರ ಮಾಡಬೇಕಾದರೆ ಅವರ ಮೂಲವನ್ನೇ ಬೇರೆ ಮಾಡಬೇಕು.

ಮೇಷ್ಟ್ರು ಹೋದ ಮೇಲೆ ಅವ್ವ ಮಹಾಲಯ ಅಮಾವಾಸ್ಯೆಯ ಮಾತು ತೆಗೆದಳು. ಅಪ್ಪ ಫೆಬ್ರವರಿಯಲ್ಲಿ ತೀರಿಕೊಂಡರು. ಈ ಸಲ ಅವರಿಗೂ ಎಡೆ ಇಡಬೇಕು, ಹೆಸರು ಕರೆಯಬೇಕಾದವನು ನಾನು. ನಮ್ಮವರು ಸತ್ತವರಿಗೆ ಎಡೆ ಇಡಬಾರದು ಎಂದು ಮಠದವರು ಹೇಳುತ್ತಲೇ ಬಂದಿದ್ದಾರೆ, ನಮ್ಮವರು ಇಡುತ್ತಲೇ ಬಂದಿದ್ದಾರೆ. ಒಬ್ಬೊಬ್ಬರಿಗೆ ಒಂದು ಎಲೆ, ಹೊಸ ಬಟ್ಟೆ; ಹೆಸರು ಕರೆದು ಧೂಪ. ಮುತ್ತಾತ, ತಾತ, ಅಜ್ಜಿ, ಕೊನೆಯಲ್ಲಿ ಪುಟ್ಟಮಲ್ಲಮ್ಮ.

ಪುಟ್ಟಮಲ್ಲಮ್ಮ ಅಪ್ಪನ ಮೊದಲ ಹೆಂಡತಿ. ಶಾಗ್ಯದವಳು. ಮದುವೆಯಾದ ಮಾರನೆಯ ವರ್ಷ ಬಟ್ಟೆ ಒಗೆಯಲು ಹೋಗಿ ಯಳಂದೂರಿನ ಹತ್ತಿರ ಸುವರ್ಣಾವತಿ ಹೊಳೆಯಲ್ಲಿ ಕೊಚ್ಚಿಹೋದಳು. ದಡದ ಮೇಲೆ ಬಟ್ಟೆಯ ಗಂಟು ಸಿಕ್ಕಿತು, ಹೆಣ ಸಿಗಲಿಲ್ಲ. ಆಮೇಲೆ ಬಂದವಳು ಅವ್ವ. ಎರಡನೆಯವಳಾಗಿ ಬಂದವಳು ತೀರಿಹೋದವಳ ಹೆಸರಿನಲ್ಲಿ ಒಂದು ಸಣ್ಣ ಚಿನ್ನದ ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು, ವರ್ಷಕ್ಕೊಮ್ಮೆ ಅವಳಿಗೆ ಸೀರೆ ಇಡಬೇಕು. ಇಲ್ಲದಿದ್ದರೆ ಕಾಡುತ್ತಾಳಂತೆ. ಅವ್ವ ಅದನ್ನು ಅಕ್ಕನ ಬಿಲ್ಲೆ ಎನ್ನುತ್ತಾಳೆ. ಅಪ್ಪ ಹೋದಾಗ ತಾಳಿ ತೆಗೆದಳು, ಬಿಲ್ಲೆ ತೆಗೆಯಲಿಲ್ಲ. ಕರಿದಾರಕ್ಕೆ ಪೋಣಿಸಿ ಹಾಕಿಕೊಂಡಿದ್ದಾಳೆ. ಗಂಡನೇ ಹೋದ ಮೇಲೆ ಸವತಿ ಎಲ್ಲಿಂದ ಬಂದಳು ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ.

ಹಾಗೆಂದು ಪ್ರೀತಿಯೂ ಇದ್ದಂತಿಲ್ಲ. ಧೂಪದ ತಟ್ಟೆ ಹಿಡಿದು ಎಲೆಯಿಂದ ಎಲೆಗೆ ಹೋಗುವ ಅವ್ವನ ಕೈ ಪುಟ್ಟಮಲ್ಲಮ್ಮನ ಎಲೆಯ ಮುಂದೆ ಮಾತ್ರ ನಿಲ್ಲುವುದಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಸತ್ತವಳ ಮೇಲೂ ಹೊಟ್ಟೆಕಿಚ್ಚು ಎಂದುಕೊಂಡಿದ್ದೆ.

ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ನಮ್ಮ ಮರ ನನ್ನಲ್ಲಿಗೆ ನಿಲ್ಲುತ್ತದೆ. ಬೇರೆಯವರ ಮರಕ್ಕೆ ಟಿಪ್ಪಣಿ ಬರೆಯಲು ಇದಕ್ಕಿಂತ ನಿಷ್ಪಕ್ಷಪಾತಿ ಸಿಗಲಾರ.

ಆಗಸ್ಟ್ 29, ಶುಕ್ರವಾರ

ಮಧ್ಯಾಹ್ನ ಕಾಲೇಜಿನ ಗೇಟಿನ ಹತ್ತಿರ ಒಬ್ಬ ಹೆಂಗಸು ಕಾಯುತ್ತಿದ್ದಳು. ಐವತ್ತರ ಆಸುಪಾಸು, ಕೊರಳಲ್ಲಿ ಶಿಲುಬೆ, ಕೈಯಲ್ಲಿ ಬಟ್ಟೆಯಂಗಡಿಯ ಚೀಲ.

“ಕೆಂಪನಂಜಪ್ಪನೋರ ಮಗ ನೀವೇನಾ ಸಾ?”

ಹೌದು ಎಂದೆ.

“ನಾನು ಆರೋಗ್ಯಮ್ಮ. ಅನೂರಿಂದಾಚೆ. ನಮ್ಮವ್ವ ಕಾಮ್ಗೆರೆ ಆಸ್ಪತ್ರೇಲವ್ಳೆ, ಇನ್ನ ಬಾಳ ದಿನ ಇಲ್ಲ ಅಂದವ್ರೆ. ನಿಮ್ಮಮ್ಮಾರ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತಾಳೆ. ಕರ್ಕಂಡ್ ಬತ್ತೀರಾ?”

“ನಿಮ್ಮವ್ವ ಯಾರು?”

ಅವಳು ಅತ್ತಿತ್ತ ನೋಡಿದಳು. “ಈಗ ಮರಿಯಮ್ಮ. ಮೊದ್ಲು ಪುಟ್ಟಮಲ್ಲಮ್ಮ. ಶಾಗ್ಯ.”

ನಾನು ನಕ್ಕೆನೆಂದು ಕಾಣುತ್ತದೆ. ಪುಟ್ಟಮಲ್ಲಮ್ಮ ಸತ್ತು ಐವತ್ತು ವರ್ಷದ ಮೇಲಾಯಿತು ಎಂದೆ.

“ಅಂಗಂತ ನಿಮ್ಮನೇಲಿ ಯೋಳ್ಕಂಡವ್ರೆ. ಅವ್ವ ಬಟ್ಟೆ ಗಂಟು ಬುಟ್ಟು ಒಳೆ ದಾಟಿ ಬಂದ್ಬುಟ್ಲು ಸಾ. ಬದುಕವ್ಳೆ.”

ನಾನು ಅವಳ ಮುಖವನ್ನು ನೋಡುತ್ತಿದ್ದೆ. ಅಪ್ಪನ ಹಣೆ, ಅಪ್ಪನ ಗಲ್ಲ, ಏನಾದರೂ ಇದೆಯೇ ಎಂದು. ಅವಳಿಗೆ ಅದು ಗೊತ್ತಾಯಿತು.

“ನಾನು ಅಂತೋಣಪ್ಪನ ಮಗ್ಳು. ನಿಮ್ಮಪ್ಪಾರ್ದಲ್ಲ. ಎದ್ರಬ್ಯಾಡಿ.”

ಮನೆಗೇ ಬರಬಹುದಿತ್ತಲ್ಲ ಎಂದೆ. “ಆ ವಸ್ಲು ತುಳೀಬ್ಯಾಡ ಅಂತ ಅವ್ವ ಆಣೆ ಮಾಡ್ಸವ್ಳೆ. ಮಗ ಓದ್ಕಂಡವ್ನೆ, ಅವನ್ ಕೇಳು, ಅವನು ಕರ್ಕಬತ್ತಾನೆ ಅಂದ್ಲು.”

“ನಿಮಗೆ ಏನು ಬೇಕು, ಅದನ್ನು ಹೇಳಿ.”

“ಯೋಳಿದ್ನಲ್ಲ ಸಾ,” ಎಂದಳು.

ನಂಬರು ಕೊಟ್ಟು ಹೋದಳು. ಫೋನಿನಲ್ಲಿ ‘ಹನೂರು’ ಎಂದು ಹಾಕಿಕೊಂಡಿದ್ದೇನೆ. ಇಷ್ಟು ವರ್ಷ ಇಲ್ಲದವಳು ಅಪ್ಪ ತೀರಿಕೊಂಡ ಆರು ತಿಂಗಳಿಗೆ ಬದುಕಿ ಬಂದಿದ್ದಾಳೆ. ನನ್ನಂಥವನಿಗಷ್ಟೇ ಅಲ್ಲ, ಯಾರಿಗಾದರೂ ಅನುಮಾನ ಬರುವ ವಿಷಯ.

ಆಗಸ್ಟ್ 30

ಅವ್ವನಿಗೆ ಹೇಳಲಿಲ್ಲ. ಮೊದಲು ವಿಚಾರಿಸಬೇಕು.

ಸೆಪ್ಟೆಂಬರ್ 2, ಮಂಗಳವಾರ

ಸಂಜೆ ವಕೀಲ ಕುಮಾರಸ್ವಾಮಿಯ ಆಫೀಸಿಗೆ ಹೋದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಕಕ್ಷಿದಾರರನ್ನು ಕಳಿಸಿ ಬಾಗಿಲು ಹಾಕಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

“ಸತ್ತವ್ಳೆ ಅನ್ನೋದಕ್ಕೆ ಏನ್ಲಾ ಆಧಾರ?”

“ವರ್ಷ ವರ್ಷ ಎಡೆ ಇಟ್ಟಿದ್ದೇವೆ.”

“ಅದನ್ನ ಕೋರ್ಟಲ್ಲಿ ದಾಖಲೆ ಅಂತ ಮಾರ್ಕ್ ಮಾಡ್ಸಕ್ಕಾಗಲ್ಲ ಕಣ್ಲಾ.” ಅವನು ನಕ್ಕು ಮುಗಿಸುವವರೆಗೆ ಕಾದೆ. “ಕೇಳು. ಮೊದಲ್ನೋಳು ಬದುಕಿದ್ರೆ ನಿಮ್ಮಮ್ಮನ ಮದ್ವೆ ಕಾನೂನಿನ ಲೆಕ್ಕಕ್ಕೆ ಮದ್ವೇನೇ ಅಲ್ಲ. ಮಕ್ಕಳನ್ನ ಕಾನೂನು ಕೈ ಬಿಡಲ್ಲ. ಅಂದ್ರೆ ನೀನು ಪಾಸು, ಅಮ್ಮ ಫೇಲು.”

ಏನು ಮಾಡಲಿ ಎಂದೆ. ಮುದುಕಿ ಎಷ್ಟು ದಿನ ಉಳಿಯುತ್ತಾಳೆ ಎಂದು ಕೇಳಿದ. ಗೊತ್ತಿಲ್ಲ, ಬಹಳ ದಿನ ಇಲ್ಲವಂತೆ ಎಂದೆ.

“ಹಂಗಾದ್ರೆ ಸುಮ್ನಿರು. ಇವರಿಬ್ಬರನ್ನ ಭೇಟಿ ಮಾಡ್ಸಿ, ಯಾರೋ ಫೋಟೋ ತೆಗೆದು, ನಾಳೆ ಜಮೀನಿಗೆ ಬಂದ್ರೆ? ನೀನೇ ಕರ್ಕೊಂಡು ಹೋಗಿ ಒಪ್ಕೊಂಡಂಗಾಯ್ತದೆ.”

ಮನೆಗೆ ಬಂದಾಗ ಅವ್ವ ಅಲಸಂದೆಕಾಯಿ ಬಿಡಿಸುತ್ತ ಕುಳಿತಿದ್ದಳು. ಬಿಲ್ಲೆ ಸೆರಗಿನಿಂದ ಹೊರಗೆ ಬಂದಿತ್ತು. ಸವೆದು ಸವೆದು ಅದರ ಮೇಲೆ ಮೊದಲು ಏನಿತ್ತೋ ತಿಳಿಯುವುದಿಲ್ಲ. ಫೇಲಾದವಳು ನನ್ನನ್ನು ನೋಡಿ, ಮುಖ ಯಾಕೆ ಬಾಡಿದೆ, ಬಿಸಿಲಲ್ಲಿ ಬಂದೆಯಾ ಎಂದಳು.

ಸೆಪ್ಟೆಂಬರ್ 4, ಗುರುವಾರ

ಕಾಮಗೆರೆ. ಗೋಡೆಯ ಮೇಲೆ ಮರ ಬಂದಿದೆ. ಚಿತ್ರದವನು ಬುಡದಿಂದ ಶುರುಮಾಡದೆ ಎಲೆಗಳಿಂದ ಶುರುಮಾಡಿದ್ದಾನೆ. ಹೆಸರು ಬರೆಯಲು ಬಿಟ್ಟಿರುವ ದುಂಡನೆಯ ಜಾಗಗಳು ಎಣ್ಣೆಗಾಯಿ ಬದನೆಯಂತೆ ತೂಗುತ್ತಿವೆ.

ಶುಭಸಂದೇಶ ಬರೆದ ಮತ್ತಾಯ ಮತ್ತು ಲೂಕ ಕೊಡುವ ಯೇಸುವಿನ ವಂಶದ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಯೇಸುವಿನ ಸಾಕುತಂದೆ ಜೋಸೆಫನ ತಂದೆ ಒಂದರಲ್ಲಿ ಯಕೋಬ, ಇನ್ನೊಂದರಲ್ಲಿ ಹೇಲಿ. ಒಬ್ಬ ಹೆತ್ತವನು, ಇನ್ನೊಬ್ಬ ಕಾನೂನಿನ ತಂದೆ ಎಂದು ಹಳಬರು ಸರಿಮಾಡಿದ್ದಾರೆ. ಮೇಷ್ಟ್ರಿಗೆ ಇದರಿಂದ ತೊಂದರೆಯೇನೂ ಇಲ್ಲ.

“ನಮ್ಮೂರಲ್ಲಿ ಒಬ್ಬನಿಗೆ ಇಬ್ಬರು ಅಪ್ಪ ಅಂದ್ರೆ ಹೊಡೆದಾಟ. ಶುಭಸಂದೇಶದಲ್ಲಾದ್ರೆ ವ್ಯಾಖ್ಯಾನ,” ಎಂದರು.

ಮತ್ತಾಯನ ಪಟ್ಟಿಯಲ್ಲಿ ಯೇಸುವಿನ ತಾಯಿಯನ್ನು ಬಿಟ್ಟರೆ ಹೆಂಗಸರು ಕಡಿಮೆ. ತಾಮಾರ, ರಾಹಾಬ, ರೂತ್. ಇನ್ನೊಬ್ಬಳಿಗೆ ಹೆಸರೇ ಇಲ್ಲ. ‘ಊರೀಯನ ಹೆಂಡತಿ’ ಎಂದಷ್ಟೇ. ದಾವೀದ ರಾಜ ಊರೀಯನನ್ನು ಯುದ್ಧದಲ್ಲಿ ಸಾಯಲು ಬಿಟ್ಟು ಅವಳನ್ನು ತಂದುಕೊಂಡ. ಮಗ ಹುಟ್ಟಿ ರಾಜನಾದ ಮೇಲೂ ಅವಳು ಮೊದಲಿನವನ ಹೆಂಡತಿಯೇ. ಅವಳ ಹೆಸರು ಬತ್ಷೆಬೆ ಎಂದು ಮೇಷ್ಟ್ರು ಹೇಳಿದರು. ಚಿತ್ರದವನು ಕುಂಚ ಹಿಡಿದುಕೊಂಡು ಏಣಿಯ ಮೇಲಿಂದ ಕೇಳಿದ:

“ಹೆಸರು ಬರೀಲಾ ಸಾ, ಊರೀಯನ ಹೆಂಡ್ತಿ ಅಂತ ಬರೀಲಾ?”

ಮೇಷ್ಟ್ರು ನನ್ನ ಕಡೆ ನೋಡಿದರು. ಪುಸ್ತಕದಲ್ಲಿ ಇರುವಂತೆ ಬರಿ ಎಂದೆ.

ಆಮೇಲೆ ಟೀ ಕುಡಿಯುತ್ತ, ಆರೋಗ್ಯಮ್ಮ ಎಂಬುವಳನ್ನು ಬಲ್ಲಿರಾ ಎಂದು ಸುಮ್ಮನೆ ಕೇಳಿದೆ. “ಅಂತೋಣಪ್ಪನ ಮಗಳಾ? ಭಾನುವಾರ ಪೂಜೆಗೆ ಬರ್ತಾಳೆ. ಅವಳ ತಾಯಿ ಮಲಗಿಬಿಟ್ಟಿದ್ದಾಳೆ ಪಾಪ. ಯಾಕೆ ಸಾರ್?” ಏನಿಲ್ಲ ಎಂದೆ. ಮುಖದಲ್ಲಿ ಏನೂ ಕಾಣಲಿಲ್ಲ. ಬಸ್ಸಿನಲ್ಲಿ ಬರುವಾಗ ಹೊಳೆಯಿತು: ಮೇಷ್ಟ್ರು ನನ್ನ ಮನೆಗೆ ಬಂದ ವಾರದಲ್ಲೇ ಅವಳೂ ಬಂದಳು. ಕೊಳ್ಳೇಗಾಲದಲ್ಲಿ ಇತಿಹಾಸ ಓದಿದವರು ಬೇರೆ ಇರಲಿಲ್ಲವೆ? ವಂಶಾವಳಿಯ ಕೆಲಸವೇ ಯಾಕೆ?

ಸೆಪ್ಟೆಂಬರ್ 6, ಶನಿವಾರ

ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ನೋಡಿಬಂದೆ. ಹೆಂಗಸರ ವಾರ್ಡಿನ ಕೊನೆಯ ಮಂಚ. ಮಗಳು ಇರಲಿಲ್ಲ. ಮುದುಕಿ ನಿದ್ದೆಯಲ್ಲಿದ್ದಳು. ಸಣ್ಣ ಮುಖ, ಮೂಗುತಿ ಇದ್ದ ಜಾಗದಲ್ಲಿ ಒಂದು ತೂತು. ಶಾಗ್ಯದವಳು ಎನ್ನುವುದಕ್ಕಾಗಲಿ, ನಮ್ಮ ಮನೆಯಲ್ಲಿ ಇದ್ದವಳು ಎನ್ನುವುದಕ್ಕಾಗಲಿ ಮುಖದಲ್ಲಿ ಏನು ಸಾಕ್ಷಿ ಇರುತ್ತದೆ? ಸಮಾಧಾನದಿಂದಲೇ ಹೊರಡುತ್ತಿದ್ದೆ.

ಕಿಟಕಿಯ ಸರಳಿಗೆ ಸೀರೆ ಒಣಹಾಕಿದ್ದರು. ಪಾಚಿ ಬಣ್ಣ, ಇಟ್ಟಿಗೆ ಬಣ್ಣದ ಅಂಚು, ಅಂಚಿನಲ್ಲಿ ಜೋಳದ ತೆನೆಯಂಥ ಬುಟ್ಟಾ. ಆ ಸೀರೆಯನ್ನು ನಾನು ಬಲ್ಲೆ. ಇಲ್ಲೇ ಕೊಳ್ಳೇಗಾಲದಲ್ಲಿ ನೇಯುವವರ ಮನೆಯಿಂದ ನಾನೇ ತಂದದ್ದು, ಅಪ್ಪನಿಗೆ ಲಕ್ವ ಹೊಡೆಯುವ ಹಿಂದಿನ ವರ್ಷದ ಎಡೆಗೆ. ಬೇರೆ ಬಣ್ಣ ಇರಲಿಲ್ಲವೇ ಎಂದು ಅಪ್ಪ ಗೊಣಗಿದ್ದರು.

ಎಡೆಗೆ ಇಟ್ಟ ಸೀರೆ ಏನಾಗುತ್ತದೆ ಎಂದು ನಾನು ಒಮ್ಮೆಯೂ ಕೇಳಿದವನಲ್ಲ. ಯಾರಿಗೋ ಕೊಟ್ಟೆ ಎನ್ನುತ್ತಿದ್ದಳು ಅವ್ವ.

ಹಾಗಾದರೆ ನಮ್ಮ ಮನೆಯಿಂದಲೇ ಯಾರೋ ಇವರಿಗೆ ಸಾಗಿಸುತ್ತಿದ್ದಾರೆ. ಯಾರೋ ಎಂದು ಬರೆದೆ. ಮನೆಯಲ್ಲಿ ಇರುವವರು ಇಬ್ಬರು.

ಸೆಪ್ಟೆಂಬರ್ 7, ಭಾನುವಾರ

ಗ್ರಹಣವೆಂದು ಅವ್ವ ಬೆಳಕಿರುವಾಗಲೇ ಊಟಕ್ಕೆ ಹಾಕಿದಳು. ಮುದ್ದೆ ಮುರಿಯುತ್ತ, ಏನೂ ಅಲ್ಲವೆಂಬಂತೆ, ನಿನ್ನೆ ಕಾಮಗೆರೆಗೆ ಹೋಗಿದ್ದೆ ಎಂದೆ.

“ಗೋಡೆ ಮುಗೀತಾ?”

“ಇಲ್ಲ. ಆಸ್ಪತ್ರೆಯ ಹತ್ತಿರ ಸ್ವಲ್ಪ ಕೆಲಸ ಇತ್ತು.”

ಅವ್ವ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟಳು. “ಮುಂದ್ಗಡೆ ಹುಣಸೆ ಮರ ಇತ್ತು. ಅದೈತಾ, ಕಡಿದ್ಬುಟ್ರಾ?”

ಇದೆ ಎಂದೆ. “ಇರ್ಲಿ,” ಎಂದಳು. ಆಸ್ಪತ್ರೆಯಲ್ಲಿ ಯಾರಿದ್ದಾರೆ, ಯಾರನ್ನು ನೋಡಲು ಹೋಗಿದ್ದೆ ಎಂದು ಯಾವ ತಾಯಿಯಾದರೂ ಕೇಳುತ್ತಾಳೆ. ಇವಳು ಮರವನ್ನು ಕೇಳಿದಳು. ನಾನು ಅವಳನ್ನು ನೋಡುತ್ತಿದ್ದೆ. ಅವಳು ನೋಡುತ್ತಿದ್ದದ್ದು ನನ್ನನ್ನೋ, ನನ್ನ ತಟ್ಟೆಯನ್ನೋ, ತಿಳಿಯಲಿಲ್ಲ.

ಸೆಪ್ಟೆಂಬರ್ 10

‘ಹನೂರು’ ಫೋನ್ ಮಾಡಿತ್ತು.

“ಸಾ, ಮಾತು ಕಮ್ಮಿಯಾಗದೆ. ದಿನಾ ಬಾಗ್ಲ ಕಡೀಕೇ ತಿರಿಕ್ಕಂಡು ಮನಿಕ್ಕತಾಳೆ. ಯಾರಾರ ಬಂದ್ರೆ ‘ರತ್ನನಾ’ ಅಂತಾಳೆ. ಇವತ್ತು ನಾಳೆ ಬತ್ತೀರಾ?”

ಪರೀಕ್ಷೆ ನಡೆಯುತ್ತಿದೆ ಎಂದೆ. ಸರಿ ಸಾ, ಪರೀಕ್ಸೆ ಆದ್ಮೇಲೆ ಬನ್ನಿ ಎಂದಳು. ಪರೀಕ್ಷೆ ಇಲ್ಲ.

ಅವ್ವನ ಹೆಸರು ಶಿವರತ್ನಮ್ಮ. ರತ್ನ ಎಂದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಅಪ್ಪ ‘ಲೇ’ ಎನ್ನುತ್ತಿದ್ದರು.

ಸೆಪ್ಟೆಂಬರ್ 13, ಶನಿವಾರ

ಎಡೆಯ ಸೀರೆ ತರಲು ಅವ್ವನೂ ಬರುತ್ತೇನೆಂದಳು. ಮಂಡಿ ನೋವಿನವಳು, ಎರಡು ವರ್ಷದಿಂದ ಬೀದಿಯ ತುದಿಯನ್ನು ದಾಟಿಲ್ಲ. ಆಟೋದಲ್ಲಿ ಕರೆದುಕೊಂಡು ಹೋದೆ. ನೇಯುವವರ ಮನೆಯ ಜಗಲಿಯಲ್ಲಿ ಕುಳಿತು ಒಂದೊಂದನ್ನೇ ಬಿಡಿಸಿ ಕೆನ್ನೆಗೆ ಒತ್ತಿ ನೋಡಿದಳು. ಅಂಗಡಿಯವನು ಮಡಿಕೆ ಹಾಕಿ ಹಾಕಿ ಸುಸ್ತಾದ.

“ಜರಿ ಬ್ಯಾಡ. ಚುಚ್ಚುತ್ತೆ,” ಎಂದಳು.

“ಅಮ್ಮಾ, ಎಡೆಗೆ ಅಂದ್ರಲ್ಲ?”

“ಎಡೆಗೇ. ನೀ ಮೆತ್ತಗಿರೋದು ತೋರ್ಸಪ್ಪ. ಮೈಮೇಲೆ ಭಾರ ಬೀಳ್ಬಾರ್ದು.”

ಸತ್ತವರಿಗೆ ಜರಿ ಚುಚ್ಚುತ್ತದೆಯೆ? ಕೊನೆಗೆ ಅಂಟುವಾಳದ ಬಣ್ಣದ್ದೊಂದನ್ನು ಆರಿಸಿದಳು, ಬರೀ ನೂಲಿನದು. ಅದನ್ನು ಚೀಲಕ್ಕೆ ಹಾಕಲು ಬಿಡದೆ ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಈಗ ನನಗೆ ಸಂಶಯವಿಲ್ಲ. ಅವ್ವನಿಗೆ ಗೊತ್ತು. ಅವಳೇ ಸೀರೆಗಳನ್ನು ಕೊಟ್ಟಿದ್ದಾಳೆ. ಎಷ್ಟು ವರ್ಷದಿಂದ, ಅಪ್ಪನಿಗೆ ಗೊತ್ತಿತ್ತೇ, ಆ ಹೆಂಗಸರು ಇವಳನ್ನು ಹೆದರಿಸಿ ಇಟ್ಟುಕೊಂಡಿದ್ದಾರೆಯೇ, ಇದೆಲ್ಲ ಇನ್ನೂ ತಿಳಿಯಬೇಕು. ಅದಕ್ಕಿಂತ ಹೆಚ್ಚಾಗಿ, ನನ್ನಿಂದ ಯಾಕೆ ಮುಚ್ಚಿಟ್ಟಳು? ಹೇಳಬೇಕಾದವಳು ಅವಳು. ಅವಳೇ ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದೇನೆ. ಹೇಳಿದ ದಿನ ನಾನೂ ಹೇಳುತ್ತೇನೆ.

ಸೆಪ್ಟೆಂಬರ್ 16, ಮಂಗಳವಾರ

ಗೋಡೆಯ ಟಿಪ್ಪಣಿ ಮುಗಿಸಿ ಕಳಿಸಿದೆ. ಕೂಷ್ ಎಂದರೆ ನೈಲ್ ನದಿಯ ಮೇಲುಭಾಗದವರು, ಮಾದಾಯ್ ಎಂದರೆ ಪರ್ಷಿಯದ ಬೆಟ್ಟದವರು ಇತ್ಯಾದಿ. ಎಲ್ಲಕ್ಕೂ ‘ಎಂದು ಹೇಳಲಾಗುತ್ತದೆ’ ಸೇರಿಸಿದ್ದೇನೆ.

ಪುಸ್ತಕ ತಿರುವುತ್ತಿದ್ದಾಗ ಇನ್ನೊಂದು ಕಡೆ ಕಣ್ಣು ನಿಂತಿತು. ಪರದೇಶದ ಸೆರೆಯಿಂದ ಊರಿಗೆ ಮರಳಿದ ಇಬ್ರಿಯರಲ್ಲಿ ಕೆಲವರು ತಾವು ಯಾಜಕರ ಮನೆತನದವರೆಂದು ಹೇಳಿಕೊಂಡರು. ವಂಶಾವಳಿಯಲ್ಲಿ ಹುಡುಕಿದರು, ಅವರ ಹೆಸರು ಸಿಗಲಿಲ್ಲ. ಅಶುದ್ಧರೆಂದು ಅವರನ್ನು ಹೊರಗಿಟ್ಟರು. ಅಷ್ಟೇ ಇದೆ. ಆ ಮೇಲೆ ಅವರು ಎಲ್ಲಿಗೆ ಹೋದರು ಎಂದು ಬರೆದವನಿಗೆ ತಿಳಿಯುವ ಅಗತ್ಯವಿರಲಿಲ್ಲ.

ಹೆಸರಿಲ್ಲದವರನ್ನು ಹೊರಗಿಟ್ಟದ್ದು ಒಂದು ಬಗೆ. ನಮ್ಮ ಮನೆಯಲ್ಲಿ ಹೊರಗಿಟ್ಟವಳನ್ನು ಹೆಸರು ಹಿಡಿದೇ ಕರೆದೆವು.

ಎರಡು ಸಲ ಫೋನ್ ಬಂದಿತ್ತು, ತರಗತಿಯಲ್ಲಿದ್ದೆ. ಭಾನುವಾರ ಹಬ್ಬ ಮುಗಿಯಲಿ. ಅಷ್ಟರೊಳಗೆ ಅವ್ವ ಹೇಳದಿದ್ದರೆ ನಾನೇ ಕೇಳಿ, ಸೋಮವಾರ ಬೇಕಾದರೆ ಕರೆದುಕೊಂಡು ಹೋಗಬಹುದು. ಫೋಟೋ ತೆಗೆಯಲು ಬಿಡಬಾರದು.

ಸೆಪ್ಟೆಂಬರ್ 19, ಶುಕ್ರವಾರ

ಆರೋಗ್ಯಮ್ಮ ಫೋನ್ ಮಾಡಿದ್ದಳು. ಬೆಳಗಿನ ಜಾವ ಹೋದರಂತೆ. ಮಣ್ಣು ನಾಳೆ. ಬನ್ನಿ ಎಂದು ಕರೆಯಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಹೋಗಲಿಲ್ಲ. ಹೋದರೆ ಯಾರು ಎಂದು ಹೇಳಿಕೊಂಡು ನಿಲ್ಲಲಿ?

ಕುಮಾರಸ್ವಾಮಿ ಸಿಕ್ಕಿದ್ದ. “ಮುಗೀತಲ್ಲ, ಬಿಡು,” ಎಂದ. ನಿಜ. ಜಮೀನು, ಮದುವೆ, ಅವ್ವನ ಹೆಸರು, ಎಲ್ಲ ಇದ್ದಲ್ಲೇ ಇವೆ. ಅಪ್ಪ ಐವತ್ತು ವರ್ಷ ಕರೆದದ್ದು ಸುಳ್ಳು. ನಾಳೆ ನಾನು ಕರೆಯುವುದು ಸುಳ್ಳಲ್ಲ.

ಸಂಜೆ ಇನ್ನಾಸಪ್ಪ ಮೇಷ್ಟ್ರಿಗೆ ಫೋನ್ ಮಾಡಿ, ಊರೀಯನ ಹೆಂಡತಿ ಎಂದು ಬರೆಸಿದ ಕಡೆ ಬತ್ಷೆಬೆ ಎಂದು ಬರೆಸಿ ಎಂದೆ.

“ಬಣ್ಣ ಒಣಗಿಹೋಯ್ತಲ್ಲ ಸಾರ್. ಯಾಕೆ, ಪುಸ್ತಕದಲ್ಲಿ ಇದ್ದಂಗೇ ಇರ್ಲಿ ಅಂದಿದ್ರಿ?”

ಏನೋ ಹೇಳಿ ಇಟ್ಟೆ. ಅವರ ದನಿ ಬಳಲಿತ್ತು. ಒಂದು ಮಣ್ಣಿಗೆ ಹೋಗಿ ಆಗ ತಾನೇ ಬಂದೆ ಎಂದಿದ್ದರು. ಅವರು ಏನನ್ನೂ ಹೂಡಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಗೋಡೆ ಖಾಲಿ ಇತ್ತು, ಅಷ್ಟೇ.

ಅವ್ವ ಅಡುಗೆಮನೆಯಲ್ಲಿ ನಾಳೆಯ ಕಜ್ಜಾಯಕ್ಕೆ ಬೆಲ್ಲ ಕುಟ್ಟುತ್ತಿದ್ದಾಳೆ. ಹೇಳಿಲ್ಲ. ನಾನೂ ಹೇಳಿಲ್ಲ.

ಸೆಪ್ಟೆಂಬರ್ 21, ಭಾನುವಾರ

ನಡುಮನೆಯಲ್ಲಿ ಎಲೆಗಳನ್ನು ಸಾಲಾಗಿ ಹಾಕಿದೆವು. ಪ್ರತಿ ಎಲೆಯ ತಲೆಯ ಕಡೆ ಬಟ್ಟೆ. ತಾತನವರ ಸಾಲಿನ ಪಕ್ಕದಲ್ಲಿ ಹೊಸದಾಗಿ ಅಪ್ಪನ ಎಲೆ, ಪಂಚೆ, ಅವರು ಓದಲು ಹಾಕಿಕೊಳ್ಳುತ್ತಿದ್ದ ಕನ್ನಡಕ. ಕೊನೆಯಲ್ಲಿ ಅಂಟುವಾಳದ ಬಣ್ಣದ ಸೀರೆ. ಅವ್ವ ಬಡಿಸಿದಳು. ಕಜ್ಜಾಯ, ಅವರೆಕಾಳಿನ ಹುಳಿ, ಕೋಸಂಬರಿ, ಅನ್ನ.

ನಾನು ಹೆಸರು ಕರೆದೆ. ಮುತ್ತಯ್ಯ, ಮಂಟೇಸ್ವಾಮಿ, ದೊಡ್ಡಬಸಮ್ಮ. ಕೆಂಪನಂಜಪ್ಪ ಎನ್ನುವಾಗ ಏನೂ ಆಗಲಿಲ್ಲ. ಪುಟ್ಟಮಲ್ಲಮ್ಮ ಎನ್ನುವಾಗ ಹೆಸರು ಅರ್ಧಕ್ಕೆ ನಿಂತಿತು, ಮತ್ತೊಮ್ಮೆ ಕರೆದೆ. ಹೊಗೆ ಎಂದುಕೊಂಡೆ. ಅವ್ವ ಇನ್ನೂ ಕೆಂಡಕ್ಕೆ ಸಾಂಬ್ರಾಣಿ ಹಾಕಿರಲಿಲ್ಲ.

ಆಮೇಲೆ ಹಾಕಿದಳು. ಎಲೆಯಿಂದ ಎಲೆಗೆ ಧೂಪ ತೋರಿಸುತ್ತ ಬಂದಳು. ಅಪ್ಪನ ಎಲೆಗೂ ಆಯಿತು. ಕೊನೆಯ ಎಲೆಯ ಮುಂದೆ, ಪ್ರತಿ ವರ್ಷ ದಾಟಿ ಹೋಗುವ ಕೈ ದಾಟಿ ಹೋಗಲಿಲ್ಲ. ತಟ್ಟೆ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

“ಇದಕ್ಕೂ ಹಾಕ್ಲಾ ಮಗ?”

ಆ ಮಾತಿಗೆ ಬೇರೆ ಏನಾದರೂ ಅರ್ಥ ಇರಬಹುದೇ ಎಂದು ಹುಡುಕಿದೆ. ಅಭ್ಯಾಸ. ಕೆಂಡದ ಕಾವು ಅವಳ ಕೈಗೆ ತಾಗುತ್ತಿತ್ತು, ಅವಳು ಕೈ ಬದಲಿಸಲಿಲ್ಲ.

“ಹಾಕವ್ವ,” ಎಂದೆ.

ಎಲೆಯ ಮುಂದೆ ಮೂರು ಸುತ್ತು ನಿಧಾನವಾಗಿ ತೋರಿಸಿದಳು. ಸೀರೆಯ ಮಡಿಕೆಯೊಳಗೆಲ್ಲ ಹೊಗೆ ಹೋಗುವಂತೆ ಸೆರಗನ್ನು ಎತ್ತಿ ಹಿಡಿದಳು. ತಟ್ಟೆ ಕೆಳಗಿಟ್ಟು, ನಡುಮನೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಹಿರಿಯರು ಉಣ್ಣುವ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು. ಜಗಲಿಯ ಮೇಲೆ ಕುಳಿತೆವು.

“ಯಾವತ್ತು?”

“ಮೊನ್ನೆ. ಶುಕ್ರವಾರ.”

ತಲೆಯಾಡಿಸಿದಳು. ಬೀದಿಯಲ್ಲಿ ಎದುರು ಮನೆಯವರು ಕಾಗೆಗೆ ಅನ್ನ ಇಟ್ಟು ಕರೆಯುತ್ತಿದ್ದರು.

“ನಿಂಗೆ ದಡಾರ ಆಗಿತ್ತು,” ಎಂದಳು ಅವ್ವ. “ಎತ್ಕಂಡು ಕಾಮ್ಗೆರೆ ಆಸ್ಪತ್ರೆಗೆ ಹೋಗಿದ್ದೆ. ಹುಣಸೆ ಮರದ ಕೆಳಗೆ ಸಾಲು. ಪಕ್ಕದಲ್ಲಿ ಒಬ್ಬಳು ಹೆಣ್ಮಗ ಹಿಡ್ಕಂಡು ನಿಂತಿದ್ಳು. ನನ್ ಕೊರಳು ನೋಡ್ಬುಟ್ಟು, ತಾಳಿ ಜತೆ ಬಿಲ್ಲೆ ಯಾರ್ದವ್ವ ಅಂದ್ಳು. ನಮ್ಮ ಅಕ್ಕಂದು, ಹೊಳೇಲಿ ಹೋದೋಳ್ದು ಅಂದೆ. ಯಾವೂರು, ಯಾರ ಮನೆ, ಎಲ್ಲ ಕೇಳಿದ್ಳು. ಯೋಳ್ದೆ. ಆಮೇಲೆ, ‘ಅದು ನಾನೇ ಕಣವ್ವ’ ಅಂದ್ಳು.”

“ನೀನೇನು ಮಾಡಿದೆ?”

“ಏನ್ ಮಾಡ್ಲಿ? ಇಬ್ರೂ ನಕ್ಬುಟ್ವಿ. ನೀನು ಜ್ವರದಲ್ಲಿ ಅಳ್ತಿದ್ದೆ, ಅವಳೇ ಎತ್ಕಂಡ್ಳು.”

ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಯೋಳಿದ್ರೆ ಸೀರೆ ನಿಲ್ಸಿಬುಡೋನು.” ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. “ಆ ಮನೇಲಿ ಅವಳು ಯಾಕೆ ನಿಲ್ಲಿಲ್ಲ ಅಂತ ಅವಳೂ ಯೋಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮಪ್ಪನ ಕೈ ಏಟು ನಾನೂ ಕಂಡಿದ್ದೆ. ಎದೆಗಾರಿಕೆ ಅವಳಿಗಿತ್ತು. ಸತ್ತೋಳು ಅಂತ ಅನ್ನಿಸ್ಕಂಡಿದ್ದಕ್ಕೆ ವರ್ಷಕ್ಕೊಂದು ಸೀರೆಯಾದ್ರೂ ದಕ್ಲಿ ಅಂತ, ಎಡೆ ಆದ್ಮೇಲೆ ಆಸ್ಪತ್ರೆ ನೆಪ ಮಾಡ್ಕಂಡು ಹೋಗಿ ಕೊಟ್ಟು ಬತ್ತಿದ್ದೆ. ಬದುಕಿರೋಳಿಗೆ ಧೂಪ ತೋರ್ಸಬಾರ್ದಲ್ಲ, ಅದೊಂದು ಬುಟ್ಟಿದ್ದೆ. ನಿಮ್ಮಪ್ಪ ಮಲಗಿದ್ ಮೇಲೆ ಹೋಗಕ್ಕಾಗ್ಲಿಲ್ಲ. ಕಾಯ್ತಿದ್ಳೋ ಏನೋ.”

ಬಾಗಿಲ ಕಡೆ ತಿರುಗಿ ಮಲಗುತ್ತಿದ್ದರು ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ನನಗೆ ಹೇಗೆ ಗೊತ್ತು ಎಂದು ಅವಳು ಕೇಳುತ್ತಿದ್ದಳು. ಕೇಳಿಯೇ ಬಿಟ್ಟಳು.

“ನಿಂಗೆ ಯಾರು ಯೋಳಿದ್ರು?”

“ಅವರ ಮಗಳು. ಕಾಲೇಜಿಗೆ ಬಂದಿದ್ದಳು. ನಿನ್ನನ್ನು ಕರೆದುಕೊಂಡು ಬಾ ಎಂದು.”

“ಯಾವಾಗ?”

“ಗಣೇಶನ ಹಬ್ಬ ಆದ ಮೇಲೆ.”

ಅವ್ವ ಬೀದಿಯನ್ನು ನೋಡುತ್ತಿದ್ದಳು. ಎದುರು ಮನೆಗೆ ಕಾಗೆ ಬಂದಿತ್ತು.

“ಅಷ್ಟು ದಿನ ಇತ್ತಾ,” ಎಂದಳು.

ಮಂಡಿಗೆ ಕೈ ಕೊಟ್ಟು ಎದ್ದಳು. ನಾನು ಹಿಡಿಯಲು ಹೋದೆ, ಬೇಡವೆಂದಳು. ಉಣ್ಣುವವರು ಬೆಚ್ಚಬಾರದೆಂದು ಬಾಗಿಲು ತೆಗೆಯುವ ಮೊದಲು ತಟ್ಟಬೇಕು. ಅವ್ವ ತಟ್ಟಿ, ಕದಕ್ಕೆ ಕಿವಿ ಹತ್ತಿರ ಇಟ್ಟು, ಪಕ್ಕದ ಕೋಣೆಯಲ್ಲಿ ಇರುವವರನ್ನು ಕೇಳುವಂತೆ ಕೇಳಿದಳು:

“ಅಕ್ಕಾ, ಆಯ್ತಾ?”

ಒಳಗೆ ಅಪ್ಪನ ಎಲೆಯೂ ಇತ್ತು.